ಪರ್ಶಿಯನ್ ಮಿನಿಯೇಚರ್ ರೀತಿಯಲ್ಲಿ ಗ್ವಾಶ್ ಚಿತ್ರ

ಇರಾನಿನ ಕಲಾವಿದೆ ಫರಾಹ್ ಒಸೂಲಿ (ಜನನ 1953) ಯುರೋಪಿನ ಪ್ರಸಿದ್ಧ ಚಿತ್ರಗಳ ಭಂಗಿಗಳನ್ನು ಮಿನಿಯೇಚರ್ (ಸೂಕ್ಷ್ಮ ಕೆಲಸದ ಪುಟ್ಟ ಚಿತ್ರ) ಶೈಲಿಗೆ ತಂದು ಗ್ವಾಶ್‌ನಲ್ಲಿ, ಅಂದರೆ ನೀರಿನಲ್ಲಿ ಕಲಸುವ ಅಪಾರದರ್ಶಕ ಬಣ್ಣದಲ್ಲಿ, ಬರೆಯುತ್ತಾರೆ. ಅಂಥದ್ದನ್ನು ಕೈಯಾರೆ ಮಾಡಬೇಕೆಂದರೆ ವಸ್ತು ಎಷ್ಟೇ ಹೊಸದಿರಲಿ, ಕೆಲಸದ ಕ್ರಮ ಮಾತ್ರ ಹಳೆಯದೇ.

ಮೊದಲು ಕಾಗದ. ದಪ್ಪ, ಆಮ್ಲರಹಿತ ಕಾಗದಕ್ಕೆ ತೆಳು ಗಂಜಿ ಎರಡು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅಗೇಟ್ ಎಂಬ ನುಣುಪು ಕಲ್ಲಿನಿಂದ ಉಜ್ಜಿ. ಹಸಿ ಇರುವಾಗಲೇ ಉಜ್ಜಿದರೆ ಮೇಲ್ಪದರ ಕಿತ್ತು ಬರುತ್ತದೆ. ಉಜ್ಜದೇ ಬಿಟ್ಟರೆ ಗೆರೆ ಒಡೆಯುತ್ತದೆ.

ಕರಡನ್ನು ಟ್ರೇಸ್ ಮಾಡಿ, ನೀರಾದ ಕಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಚಿನ್ನದ ಭಾಗ ಮೊದಲೇ ಮುಗಿಯಲಿ: ಅದನ್ನು ಕಲ್ಲಿನಿಂದ ಹೊಳಪಿಸಬೇಕು, ಬಣ್ಣ ಹಚ್ಚಿದ ಮೇಲೆ ಉಜ್ಜಿದರೆ ಪಕ್ಕದ ಬಣ್ಣ ಹಾಳು.

ಗ್ವಾಶ್ ತೆಳುವಾದ ಕೆನೆಯಷ್ಟು ಹದದಲ್ಲಿರಲಿ. ಒಂದೇ ದಪ್ಪ ಪದರ ಬಿರುಕು ಬಿಡುತ್ತದೆ, ಎರಡು ಮೂರು ತೆಳು ಪದರ ಬಿಡುವುದಿಲ್ಲ. ಒಣಗಿದ ಬಣ್ಣ ಬೆರಳಿಗೆ ಪುಡಿಯಾಗಿ ಅಂಟಿದರೆ ಗೋಂದು ಕಮ್ಮಿಯಾಗಿದೆ, ಮುಂದಿನ ಬಟ್ಟಲಿಗೆ ಒಂದು ಹನಿ ಗಮ್ ಅರೇಬಿಕ್ ಸೇರಿಸಿ.

ತಾಳ್ಮೆ ಕೇಳುವುದು ಪರ್ದಾಜ್, ಅಂದರೆ ಚುಕ್ಕೆ ಮತ್ತು ಸಣ್ಣ ಗೀಟುಗಳಿಂದ ನೆರಳು ಕಟ್ಟುವುದು. ಮೊನಚು ತುದಿಯ ಅಳಿಲುಕೂದಲ ಕುಂಚವನ್ನು ಅದ್ದಿ, ಬಟ್ಟೆಗೊಮ್ಮೆ ಒರೆಸಿ, ಬಹುತೇಕ ಒಣಗಿಸಿಯೇ ಮುಟ್ಟಿಸಿ. ಗ್ವಾಶ್ ನೀರು ಕಂಡರೆ ಮತ್ತೆ ಕರಗುತ್ತದೆ; ಕುಂಚ ಒದ್ದೆಯಾಗಿದ್ದರೆ ಕೆಳಪದರ ಎದ್ದು ಚಿತ್ರದ ಮುಖದ ಕೆನ್ನೆ ಕೊಳಕಾಗುತ್ತದೆ. ಒಂದೇ ಜಾಗದಲ್ಲಿ ಕೂರದೆ ಉಡುಪು, ಕೈ, ಹಿನ್ನೆಲೆ ಎಂದು ಸುತ್ತಾಡಿದರೆ ಪ್ರತಿಯೊಂದಕ್ಕೂ ಒಣಗಲು ಸಮಯ ಸಿಗುತ್ತದೆ.

ಹೊರಗೆರೆ ಕೊನೆಗೆ. ಅಪ್ಪಟ ಕಪ್ಪು ಬೇಡ, ಚರ್ಮಕ್ಕೆ ಕೆಂಗಂದು, ಬಟ್ಟೆಗೆ ಅದರದ್ದೇ ಗಾಢ ಛಾಯೆ ಸಾಕು.