ಹುಟ್ಟದ ಗ್ರಂಥಿಗೆ ಬಿದ್ದ ಬೆಳಕು

ಜೀಬ್ರಾಮೀನಿನ ಮೂರು ದಿನದ ಮರಿ ಅಕ್ಕಿಕಾಳಿಗಿಂತ ಚಿಕ್ಕದು. ಮೈ ಹೆಚ್ಚುಕಡಿಮೆ ಗಾಜಿನ ಹಾಗೆ. ನೆತ್ತಿಯ ನಡುವೆ ಒಂದು ಪುಟ್ಟ ಚುಕ್ಕೆ ಇರುತ್ತದೆ, ಅದೇ ಪೀನಿಯಲ್ ಗ್ರಂಥಿ. ನನ್ನ ಕೆಲಸವೆಲ್ಲ ಆ ಚುಕ್ಕೆಯ ಸುತ್ತಲೇ.

ನಮ್ಮಲ್ಲಾಗಲಿ ಇಲಿಯಲ್ಲಾಗಲಿ ಈ ಗ್ರಂಥಿಗೆ ಬೆಳಕು ನೇರವಾಗಿ ತಿಳಿಯುವುದಿಲ್ಲ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮೆದುಳಿನ ಗಡಿಯಾರಕ್ಕೆ ಹೋಗಬೇಕು, ಬೆನ್ನುಹುರಿಗೆ ಇಳಿಯಬೇಕು, ಕತ್ತಿನ ನರಗಂಟಿನಿಂದ ಮತ್ತೆ ಮೇಲೇರಬೇಕು. ರಾತ್ರಿ ಆ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಿಟ್ಟಾಗ ಇಲಿಯಲ್ಲಿ ಆನಾಟ್ ಜೀನಿನ ಆರ್‌ಎನ್‌ಎ, ಅಂದರೆ ಆ ಜೀನಿನ ನಕಲು ಪ್ರತಿಗಳು, ನೂರು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಈ ಗ್ರಂಥಿಯ ರಾತ್ರಿಯ ಹಾರ್ಮೋನ್ ಮೆಲಟೋನಿನ್ ತಯಾರಾಗಲು ಈ ಜೀನ್ ಕೊಡುವ ಕಿಣ್ವ ಬೇಕೇ ಬೇಕು. ಮೀನಿನಲ್ಲಿ ಇಷ್ಟೆಲ್ಲ ಸುತ್ತು ಇಲ್ಲ. ಪೀನಿಯಲ್ ಕೋಶಗಳೇ ಬೆಳಕನ್ನು ಗ್ರಹಿಸುತ್ತವೆ, ಗಡಿಯಾರವೂ ಅಲ್ಲೇ ಇದೆ. ನಾನು ಮೀನನ್ನು ಆರಿಸಿಕೊಂಡಿದ್ದು ಅದಕ್ಕೇ.

ಒಂದು ಗುಂಪಿನ ಮೊಟ್ಟೆಗಳಿಗೆ ಎರಡು ದಿನ ಹಗಲು-ರಾತ್ರಿ ಕೊಟ್ಟು ಆಮೇಲೆ ಕತ್ತಲಿಗೆ ಹಾಕುತ್ತೇನೆ. ಇನ್ನೊಂದು ಗುಂಪಿಗೆ ಮೊದಲಿನಿಂದಲೂ ಕತ್ತಲು: ಫಾಯಿಲ್ ಸುತ್ತಿ 28.5 ಡಿಗ್ರಿಯ ಇನ್ಕ್ಯುಬೇಟರ್ ಒಳಗೆ. ಮೂರನೇ ದಿನ ನಾಲ್ಕು ಗಂಟೆಗೊಮ್ಮೆ ಒಂದಷ್ಟು ಮರಿಗಳನ್ನು ತೆಗೆದು ಫಾರ್ಮಾಲ್ಡಿಹೈಡ್‌ನಲ್ಲಿ ಹಾಕುವುದು. ರಾತ್ರಿ ಎರಡಕ್ಕೂ ಎದ್ದು ಹೋಗಬೇಕು. ಆಮೇಲೆ ಆನಾಟ್-2 (ಮೀನಿನ ಪೀನಿಯಲ್‌ನಲ್ಲಿರುವ ಆನಾಟ್ ಜೀನ್) ಆರ್‌ಎನ್‌ಎಗೆ ಅಂಟುವ ಪ್ರೋಬ್ ಹಾಕಿ ಬಣ್ಣ ಬರಿಸಬೇಕು. ಮೊದಲ ಗುಂಪಿನಲ್ಲಿ ರಾತ್ರಿ ತೆಗೆದ ಮರಿಗಳ ನೆತ್ತಿಯಲ್ಲಿ ಗಾಢ ನೇರಳೆ ಚುಕ್ಕೆ ಕಾಣುತ್ತದೆ, ಹಗಲಿನವುಗಳಲ್ಲಿ ತೆಳು. ಬೆಳಕನ್ನೇ ಕಾಣದ ಗುಂಪಿನಲ್ಲಿ ಈ ಏರಿಳಿತ ಇರಬಾರದು.

ನನ್ನ ಕತ್ತಲ ಗುಂಪಿನಲ್ಲೂ ಏರಿಳಿತ ಬಂತು. ಇನ್ಕ್ಯುಬೇಟರ್ ಬಾಗಿಲಿನ ಸಂದಿಗೆಲ್ಲ ಕಪ್ಪು ಟೇಪ್ ಅಂಟಿಸಿದೆ. ಮತ್ತೆ ಅದೇ. ತಿಂಗಳುಗಟ್ಟಲೆ ಮಾಡಿದ ಕೆಲಸ, ತುಂಬಾ ನೊಂದುಕೊಂಡೆ. ಕೊನೆಗೆ ನೋಟ್‌ಬುಕ್ ತಿರುವಿ ಹಾಕಿದಾಗ ಕಾರಣ ಸಿಕ್ಕಿತು. ಸತ್ತ ಮೊಟ್ಟೆಗಳನ್ನು ಆರಿಸದಿದ್ದರೆ ನೀರು ಕೆಡುತ್ತದೆ ಅಂತ, ಪ್ರತಿ ಸಲವೂ ಮೊದಲ ದಿನ ಸಂಜೆ ತಟ್ಟೆಯನ್ನು ಮೈಕ್ರೋಸ್ಕೋಪಿನ ದೀಪದಡಿ ಇಟ್ಟಿದ್ದೆ. ಆಗ ಮೊಟ್ಟೆಗಳಿಗೆ ಹತ್ತು ಗಂಟೆ ವಯಸ್ಸು. ಪೀನಿಯಲ್ ಇನ್ನೂ ಹುಟ್ಟಿಯೇ ಇರುವುದಿಲ್ಲ, ಬೆಳಕು ಬಿದ್ದರೇನಾಯ್ತು ಅಂದುಕೊಂಡಿದ್ದೆ.

ಆದರೆ ಇಸ್ರೇಲಿನ ಲಿಮೋರ್ ಜೀವ್ ಮತ್ತು ಯೋವ್ ಗೋಥಿಲ್ಫ್ 2006ರಲ್ಲೇ ಇದನ್ನು ತೋರಿಸಿದ್ದರು. ಗ್ರಂಥಿ ಮೂಡುವ ಮೊದಲೇ ಭ್ರೂಣದ ಮೇಲೆ ಬಿದ್ದ ಬೆಳಕು ಪರ್-2 ಎಂಬ ಗಡಿಯಾರದ ಜೀನನ್ನು ಎಬ್ಬಿಸುತ್ತದೆ. ದಿನಗಳ ನಂತರ ಪೀನಿಯಲ್‌ನಲ್ಲಿ ಆನಾಟ್-2 ತಾಳ ಹಿಡಿಯುವುದು ಅದರಿಂದಲೇ. ಪರ್-2 ತಡೆದರೆ ಆ ತಾಳ ಬರುವುದಿಲ್ಲ. ಆ ಲೇಖನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಇನ್ನೂ ಇಲ್ಲದ ಒಂದು ಅಂಗಕ್ಕೆ ಸಮಯದ ನೆನಪು ಉಳಿಯುತ್ತದೆ ಅಂದರೆ ಎಂಥಾ ಅಚ್ಚರಿ ಅಲ್ವಾ?

ಈಗ ಮೊಟ್ಟೆ ಸಿಕ್ಕ ಮೊದಲ ಗಂಟೆಯಲ್ಲೇ ಆರಿಸಿ ಮುಗಿಸುತ್ತೇನೆ. ತಟ್ಟೆಗೆ ಕಡಿಮೆ ಮೊಟ್ಟೆ ಹಾಕುತ್ತೇನೆ, ನೀರು ಕೆಡುವುದಿಲ್ಲ. ಫಾಯಿಲ್ ಸುತ್ತಿದ ಮೇಲೆ ಮೂರನೇ ದಿನದವರೆಗೆ ಮುಟ್ಟುವುದೇ ಇಲ್ಲ. ಹೀಗೆ ಮಾಡಿದ ಮೊದಲ ಸಲ, ಕತ್ತಲ ಗುಂಪಿನ ಆರು ಹೊತ್ತಿನ ಮರಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಆರರಲ್ಲೂ ಒಂದೇ ಬಣ್ಣದ ಚುಕ್ಕೆ.