ಸೋಮವಾರವೂ ನಡೆಯುವ ಎಡೆಕುಂಟೆ

ಗದಗ ಕಡೆ ನಮ್ಮದು ನಾಲ್ಕು ಎಕರೆ ಎರೆ ಹೊಲ. ಎತ್ತಿಲ್ಲ. ಬಾಡಿಗೆ ಎತ್ತು ನಮ್ಮ ಪಾಳಿಗೆ ಬರುವಷ್ಟರಲ್ಲಿ ಹದ ಆರಿ, ಹೆಸರುಕಾಳಿನ ಸಾಲಲ್ಲಿ ಕಸ ಮೊಣಕಾಲಿಗೆ ಬಂದಿರುತ್ತಿತ್ತು. ಅದಕ್ಕೇ ಸಾಲಿನ ನಡುವಿನ ಕಸ ತೆಗೆಯುವ ಸೈಕಲ್ ಎಡೆಕುಂಟೆಗೆ ಕೈ ಹಾಕಿದೆ. ಐಡಿಯಾ ನನ್ನದಲ್ಲ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ರೈತ ಗೋಪಾಲ್ ಭಿಸೆ ಇದನ್ನು ಯಾವತ್ತೋ ಮಾಡಿ ಹೆಸರಾದವರು.

ಮೊದಲು ಮಾಡಿದ್ದು ದಂಡವಾಯ್ತು. ಗುಜರಿ ಸೈಕಲ್‌ಗೆ 400-500, ಲಾರಿ ಪಟ್ಟಾದ ಕುಡಕ್ಕೆ (ಕಸ ಕೊಯ್ಯುವ ಅಲಗಿಗೆ) 300, ವೆಲ್ಡಿಂಗ್‌ಗೆ 600. ತಮ್ಮ ಮುಂದೆ ಹಗ್ಗ ಹಿಡಿದು ಎಳೆಯುವುದು, ನಾನು ಹಿಂದೆ ಒತ್ತುವುದು. ಕೆಲಸವೇನೋ ಹಗುರ. ಆದರೆ ದಾರಿಯಲ್ಲಿ ಹೋದವರೆಲ್ಲ, 'ಒಂಟೆತ್ತು ಹೂಡಿದೀಯಲ್ಲೋ, ಜೋಡಿ ಎಲ್ಲಿ?' ಎಂದು ನಕ್ಕರು. ಮಧ್ಯಾಹ್ನಕ್ಕೇ ತಮ್ಮ ಹಗ್ಗ ಬಿಸಾಕಿ ಹೋದ. ರಾತ್ರಿ ಊಟಕ್ಕೂ ಕೂರಲಿಲ್ಲ.

ಖರ್ಚು ಕಡಿಮೆ ಅಂತ ನಾನು ಹಿಗ್ಗಿದ್ದೆ. ಊರಿಗೆ ಕಂಡಿದ್ದು ಎತ್ತು ಕೊಳ್ಳಲಾಗದವನ ಪಾಡು. ಎಳೆದರೆ ಎತ್ತು, ತಳ್ಳಿದರೆ ಸೈಕಲ್, ಅಷ್ಟೇ ಅಲ್ವಾ? ಹಗ್ಗ ತೆಗೆದು, ಹ್ಯಾಂಡಲ್ ಹಿಡಿದು ತಳ್ಳುವ ಹಾಗೆ ಮಾಡಿದೆ. ಒಬ್ಬನೇ ತಳ್ಳುವುದು ಜಾಸ್ತಿ ಭಾರ. 12 ಇಂಚಿನ ಕುಡವನ್ನು 8ಕ್ಕೆ ಇಳಿಸಿದೆ. ಮಕ್ಕಳ ಸೈಕಲ್ ಗಾಲಿಯನ್ನೂ ಹಾಕಿ ನೋಡಿದೆ, ಹೆಂಟೆ ಹತ್ತಲಿಲ್ಲ. ಕುಡದ ಓರೆ ಎಷ್ಟಿರಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಮೂರು ಕುಡ ಹಾಳು ಮಾಡಿ ಕಲಿತದ್ದು ಅದು! ಬೆಲ್ ಬಿಚ್ಚಲಿಲ್ಲ, ಸುಮ್ನೆ ಇರಲಿ ಅಂತ.

ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಆ ವರ್ಷ ಹದ ಬಂದಿದ್ದೇ ಸೋಮವಾರ. ಸೈಕಲ್ ತಗೊಂಡು ಹೊರಟರೆ ಹಿರಿಯರೊಬ್ಬರು ತಡೆದರು. 'ನೊಗ ಯಾರ ಹೆಗಲ ಮೇಲಿದೆ, ತೋರಿಸಿ' ಎಂದೆ. ಸುಮ್ಮನಾದರು. ಸಂಜೆಯೊಳಗೆ ಅರ್ಧ ಎಕರೆ ಎಡೆ ಹೊಡೆದೆ. ಮಂಗಳವಾರ ಮತ್ತೆ ಮಳೆ. ಎಂಟು ದಿನ ಯಾರ ಹೊಲಕ್ಕೂ ಎತ್ತು ಇಳಿಯಲಿಲ್ಲ.

ಮೊದಲು ಎಕರೆಗೆ ಎಂಟು ಹೆಣ್ಣಾಳು ಬೇಕಿತ್ತು, ತಲೆಗೆ 250. ಈಗ ಗಿಡದ ಬುಡದ ಕಸಕ್ಕೆ ಮೂವರು ಸಾಕು. 1,200ರ ಮೇಲೆ ಉಳಿಯುತ್ತದೆ. ಆ ಹುರುಪಿನಲ್ಲಿ ಹ್ಯಾಂಡಲ್‌ಗೆ ಡಬ್ಬಿ ಕಟ್ಟಿ ಯೂರಿಯಾ ಬೀಳಿಸಲು ಹೋದೆ. ತೇವಕ್ಕೆ ಗಂಟು ಕಟ್ಟಿ ತೂತೇ ಮುಚ್ಚಿತು. ಡಬ್ಬಿ ಈಗ ಕೋಳಿ ನೀರಿಗೆ.

ಒಂಟೆತ್ತು ಅಂದವರಲ್ಲೇ ಒಬ್ಬರು ಹೋದ ಮುಂಗಾರಿಗೆ ಕೇಳಿ ಒಯ್ದರು. ಫೋರ್ಕ್ ಬಗ್ಗಿಸಿ ತಂದಿಟ್ಟರು. ವೆಲ್ಡಿಂಗ್‌ನ 150 ರೂಪಾಯಿ ಇನ್ನೂ ಬಂದಿಲ್ಲ.