ರೋಜರ್ ಅಂದರೆ ಬರೀ ‘ಹೂಂ’

ನಮ್ಮ ಮನೆಯಲ್ಲಿ ಹಿರಿಯರು ಮಾತಾಡುವಾಗ ಮಧ್ಯೆ ಮಧ್ಯೆ ‘ಹೂಂ ರೀ’ ಅನ್ನುತ್ತಿರಬೇಕು. ಅರ್ಥವಾಯಿತೋ ಬಿಟ್ಟಿತೋ, ಅದು ಬೇರೆ ಮಾತು. ಈ ಚಟವನ್ನು ನಾನು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೂ ಹೊತ್ತುಕೊಂಡು ಹೋಗಿದ್ದೆ.

ಪೈಲಟ್ ತರಬೇತಿಗೆ ಸೇರಿ ಕೆಲವು ತಿಂಗಳಾಗಿತ್ತು. ಪಡುವಣ ಗಾಳಿ, ಹಾಗಾಗಿ ಅವತ್ತು ರನ್‌ವೇ 26, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಹಾರುವುದು. ಬೆಳಗಾವಿಯಲ್ಲಿ ಇರುವುದೇ ಒಂದು ರನ್‌ವೇ. ಪ್ರಯಾಣಿಕರ ವಿಮಾನಕ್ಕೂ ಅದೇ, ನಮ್ಮ ಪುಟ್ಟ ಸೆಸ್ನಾಗೂ ಅದೇ. ಹಳದಿ ಗೆರೆಯ ಈಚೆ ನಿಂತು, ಈಗ ‘ಲೈನ್ ಅಪ್’, ಅಂದರೆ ರನ್‌ವೇಗೆ ಬಂದು ನಿಲ್ಲು, ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲ್ ಟವರ್ ರೇಡಿಯೋದಲ್ಲಿ ಮಾತಾಡಿತು. ‘ರನ್‌ವೇ ಟೂ ಸಿಕ್ಸ್’ ಅನ್ನುವುದಷ್ಟೇ ಸರಿಯಾಗಿ ಕಿವಿಗೆ ಬಿತ್ತು. ಉಳಿದದ್ದನ್ನು ನನ್ನ ತಲೆಯೇ ತುಂಬಿಕೊಂಡಿತು. ‘ರೋಜರ್’ ಅಂದೆ, ಬ್ರೇಕ್ ಸಡಿಲ ಮಾಡಿದೆ.

ತಕ್ಷಣ ಟವರ್‌ನಿಂದ, ‘ರೀಡ್ ಬ್ಯಾಕ್!’, ಅಂದರೆ ಕೇಳಿದ್ದನ್ನು ತಿರುಗಿ ಹೇಳು. ಪಕ್ಕದಲ್ಲಿದ್ದ, ತರಬೇತಿ ಕೊಡುವ ಸರ್ ಕಾಲು ಆಗಲೇ ಬ್ರೇಕ್ ಮೇಲಿತ್ತು. ಟವರ್ ಹೇಳಿದ್ದು ‘ಹೋಲ್ಡ್ ಶಾರ್ಟ್’, ಅಂದರೆ ಗೆರೆ ದಾಟಬೇಡ. ಸ್ವಲ್ಪ ಹೊತ್ತಿಗೆ ಒಂದು ಎಟಿಆರ್ ಪ್ರಯಾಣಿಕರ ವಿಮಾನ ನಮ್ಮ ಕಣ್ಣೆದುರೇ ಇಳಿದು ಓಡಿತು. ನಾವು ಒಂದು ಮೊಳವೂ ಸರಿದಿರಲಿಲ್ಲ. ನನ್ನ ಅಂಗೈ ಮಾತ್ರ ಒದ್ದೆಯಾಗಿತ್ತು.

ರೋಜರ್ ಅಂದರೆ ‘ನಿಮ್ಮ ಮಾತು ಪೂರ್ತಿ ತಲುಪಿತು’ ಅಂತ ಅಷ್ಟೇ. ‘ಹೌದು’ ಅನ್ನಲು ‘ಅಫರ್ಮ್’ ಇದೆ, ‘ಹಾಗೇ ಮಾಡ್ತೀನಿ’ ಅನ್ನಲು ‘ವಿಲ್ಕೋ’ ಇದೆ. ರನ್‌ವೇ ವಿಷಯ ಬಂದರೆ ಇವು ಯಾವುವೂ ಸಾಲದು, ಕೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸಬೇಕು.

ಸರ್ ಬೈಯಲಿಲ್ಲ. ಚಹಾ ಕುಡಿಯುತ್ತಾ ಸ್ಪೇನ್‌ನ ಟೆನೆರಿಫ್ ದ್ವೀಪದ ಅಪಘಾತದ ಕತೆ ಹೇಳಿದರು. 1977ರ ಮಾರ್ಚ್ 27, ದಟ್ಟ ಮಂಜು. ಕೆಎಲ್‌ಎಂ ವಿಮಾನದವರು ‘ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ’ ಅಂದರು. ಟವರ್ ‘ಓಕೆ’ ಅಂದಿತು. ಆಮೇಲೆ ‘ಕಾಯಿರಿ, ನಾನೇ ಕರೆಯುತ್ತೇನೆ’ ಅಂದಿದ್ದು, ಅದೇ ಹೊತ್ತಿಗೆ ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನದವರೂ ಮಾತಾಡಿದ್ದರಿಂದ ಕಿರ್ರೆನ್ನುವ ಸದ್ದಿನಲ್ಲಿ ಮುಳುಗಿತು. ಕಿವಿಗೆ ಚೆನ್ನಾಗಿ ಬಿದ್ದದ್ದು ಆ ‘ಓಕೆ’ ಒಂದೇ. ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಈಗ ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟರೆ ‘ಟೇಕ್‌ಆಫ್’ ಪದವನ್ನೇ ಬಳಸುವುದಿಲ್ಲ, ‘ಡಿಪಾರ್ಚರ್’ ಅನ್ನುತ್ತೇವೆ.

ತಿರುಗಿ ಹೇಳಿದರೂ ಸಾಲದು, ಆ ಕಡೆಯವರು ಕಿವಿಗೊಡಬೇಕು. 1989ರಲ್ಲಿ ಕೌಲಾಲಂಪುರದ ಬಳಿ ಒಂದು ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ‘ಟೂ ಫೋರ್ ಜೀರೋ ಜೀರೋ’ ಅಂದರು. ಪೈಲಟ್ ಆ ‘ಟೂ’ ಅನ್ನು ಎರಡು ಅಂತಲ್ಲ, ಇಂಗ್ಲಿಷಿನ ‘to’, ಅಂದರೆ ‘ಗೆ’ ಅಂತ ತಿಳಿದರು, ಅಂದರೆ 400ಕ್ಕೆ ಇಳಿ! ‘ಓಕೆ, ಫೋರ್ ಜೀರೋ ಜೀರೋ’ ಅಂದರು. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಹೋದರು.

ನನಗೆ ಅಭ್ಯಾಸ ಮಾಡಿಸಿದವಳು ಅಕ್ಕ. ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುವಾಗಲೇ ಚೀಟಿ ನೋಡಿ ಟವರ್‌ನ ಸೂಚನೆಗಳನ್ನು ಓದುತ್ತಿದ್ದಳು. ಬೇಕಂತಲೇ ಒಂದು ಅಂಕಿ ಬದಲಿಸುತ್ತಿದ್ದಳು. ನಾನು ತೊಡೆ ಮೇಲಿನ ಪ್ಯಾಡ್‌ನಲ್ಲಿ ಗೀಚಿಕೊಂಡು, ಆಮೇಲೆ ಬಾಯಿ ಬಿಡಬೇಕು. ಒಮ್ಮೆ ಹಳೇ ಚಟಕ್ಕೆ ‘ಹೂಂ’ ಅಂದುಬಿಟ್ಟೆ.

“ಹೂಂ ಅಂದ್ರ ಏನ್ ತಿಳೀಬೇಕೋ? ನಾ ಏನಂದೆ, ಹೇಳ್ ನೋಡೂಣು!”

ಇನ್ನೊಂದು ಚಿಕ್ಕ ವಿಷಯ. ರೇಡಿಯೋ ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಮಾತಾಡಬೇಕು. ಇದು ನನಗೆ ತುಂಬಾ ತಡವಾಗಿ ಗೊತ್ತಾಯಿತು.

ಜಾಸ್ತಿ ಕಷ್ಟವಾಗಿದ್ದು ‘ಸೇ ಅಗೇನ್’ ಅನ್ನುವುದು. ಮತ್ತೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ, ಎಲ್ಲರಿಗೂ ಇರುತ್ತೆ ಅಲ್ವಾ? ಮುಂದಿನ ವಾರ ಒಂದೇ ಸೂಚನೆಗೆ ಎರಡು ಸಲ ಕೇಳಿದೆ. ಟವರ್‌ನವರು ಎರಡೂ ಸಲ ಅದೇ ದನಿಯಲ್ಲಿ, ಇನ್ನಷ್ಟು ನಿಧಾನವಾಗಿ ಹೇಳಿದರು. ಮತ್ತೆ ಹೋಲ್ಡ್ ಶಾರ್ಟ್. ಪೂರ್ತಿ ಒಪ್ಪಿಸಿ, ಗೆರೆಯ ಈಚೆಯೇ ನಿಂತೆ.